ಆರ್‌ಟಿಎಕ್ಸ್ 3060, ಆರ್‌ಟಿಎಕ್ಸ್ 4060: ಕಲಬುರಗಿಯ ಮನೆಗೆ ಯಾವ ಕಾರ್ಡು?

ಎನ್‌ವಿಡಿಯಾದ ಆರ್‌ಟಿಎಕ್ಸ್ 3060, 4060 ಎಂಬ ಎರಡು ಗ್ರಾಫಿಕ್ಸ್ ಕಾರ್ಡುಗಳಲ್ಲಿ (ತೆರೆಯ ಮೇಲಿನ ಚಿತ್ರ ತಯಾರಿಸುವ ಕಾರ್ಡು) ಯಾವುದನ್ನು ಕೊಳ್ಳಬೇಕು ಅಂತ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೆ "4060 ಹೊಸಾದು, ಅದೇ ತಗೋರಿ" ಅನ್ನೋ ಉತ್ತರ ತಟ್ಟನೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಮಾರುವವರನ್ನು ಕೇಳಿದರೆ "3060ದಾಗ 12 ಜಿಬಿ ಮೆಮೊರಿ ಅದ, ಇದೇ ಛಲೋ" ಅನ್ನುತ್ತಾರೆ. ಇಬ್ಬರ ಮಾತೂ ಅರ್ಧ ಸರಿ. ಕಾರ್ಡಿನ ಡಬ್ಬಿ ನೋಡಿ ತೀರ್ಮಾನ ಮಾಡುವ ಮೊದಲು ನಿಮ್ಮ ಮದರ್‌ಬೋರ್ಡು ಯಾವುದು, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಎಂಥದ್ದು, ಕೋಣೆ ಎಷ್ಟು ಕಾಯುತ್ತದೆ, ಕಂಪ್ಯೂಟರಿನಲ್ಲಿ ಮಾಡುವ ಕೆಲಸ ಏನು ಎಂಬುದನ್ನು ನೋಡಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಗೇಮ್ ಮಾತ್ರ ಆಡೋರು, ಬೋರ್ಡು ಹೊಸದು, ಅಂಥವರಿಗೆ 4060. ಮದುವೆ ವಿಡಿಯೊ ಎಡಿಟಿಂಗ್, ಬ್ಲೆಂಡರ್‌ನಂಥ 3ಡಿ ಕೆಲಸ, ಕಾಲೇಜಿನ ಎಐ ಪ್ರಾಜೆಕ್ಟ್ ಇದ್ದರೆ 3060ರ 12 ಜಿಬಿ ಮಾದರಿ. ಬೋರ್ಡು ಹಳೆಯದಾಗಿದ್ದರೆ ಲೆಕ್ಕ ಇನ್ನೊಂದು ಥರ, ಅದನ್ನು ಕೆಳಗೆ ಬಿಡಿಸಿ ಹೇಳಿದ್ದೇನೆ.

3060 ಬಂದದ್ದು 2021ರ ಫೆಬ್ರವರಿಯಲ್ಲಿ, 329 ಡಾಲರ್ ಬೆಲೆಗೆ. 4060 ಬಂದದ್ದು 2023ರ ಜೂನ್ ಕೊನೆಗೆ, 299 ಡಾಲರ್‌ಗೆ. ಮೊದಲನೆಯದು ಆಂಪಿಯರ್ ತಲೆಮಾರು, ಸ್ಯಾಮ್‌ಸಂಗ್‌ನ 8 ನ್ಯಾನೊಮೀಟರ್ ಚಿಪ್ಪು, 3584 ಕುಡಾ ಕೋರ್ (ಲೆಕ್ಕ ಮಾಡುವ ಸಣ್ಣ ಘಟಕ), ಬೂಸ್ಟ್ (ಲೋಡಿನಲ್ಲಿ ಏರುವ ವೇಗ) 1777 ಮೆಗಾಹರ್ಟ್ಸ್. ಎರಡನೆಯದು ಏಡಾ ತಲೆಮಾರು, ಟಿಎಸ್‌ಎಂಸಿಯ 4ಎನ್ ಪ್ರಕ್ರಿಯೆ, 3072 ಕುಡಾ ಕೋರ್, ಬೂಸ್ಟ್ 2460 ಮೆಗಾಹರ್ಟ್ಸ್. ಕೋರ್ ಕಡಿಮೆ ಇದ್ದರೂ ಓಟ ಜಾಸ್ತಿ, ಹಾಗಾಗಿ ಲೆಕ್ಕ 4060 ಕಡೆಗೆ ವಾಲುತ್ತದೆ. ಕೋರ್ ಸಂಖ್ಯೆಯನ್ನು 2ರಿಂದ ಮತ್ತು ಬೂಸ್ಟ್ ವೇಗದಿಂದ ಗುಣಿಸಿದರೆ 3060ಗೆ ಸುಮಾರು 12.7 ಟೆರಾಫ್ಲಾಪ್ಸ್ (ಸೆಕೆಂಡಿಗೆ ಇಷ್ಟು ಲಕ್ಷ ಕೋಟಿ ಲೆಕ್ಕ), 4060ಗೆ 15.1 ಬರುತ್ತದೆ. ಕಾಗದದ ಮೇಲೆ ಶೇ. 19ರಷ್ಟು ಮುಂದೆ. 1080ಪಿ (ಫುಲ್ ಎಚ್‌ಡಿ) ಗೇಮ್‌ಗಳಲ್ಲಿ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ, ಶೇ. 15ರಿಂದ 20. 3060ರಲ್ಲಿ ಸೆಕೆಂಡಿಗೆ 60 ಫ್ರೇಮ್ ಬಂದರೆ 4060ರಲ್ಲಿ 70, 72. ಎರಡು ವರ್ಷ ನಾಲ್ಕು ತಿಂಗಳು ತಡವಾಗಿ ಬಂದ ಕಾರ್ಡಿಗೆ ಇದು ದೊಡ್ಡ ಜಿಗಿತ ಅಲ್ಲ. ವ್ಯಾಲರಂಟ್, ಸಿಎಸ್2 ಥರದ ಆಟಗಳಲ್ಲಿ ತಡೆಯುವುದು ಪ್ರೊಸೆಸರು, ಅಲ್ಲಿ ಎರಡು ಕಾರ್ಡಿನ ನಡುವೆ ಕಣ್ಣಿಗೆ ಕಾಣುವ ಫರಕು ಇರುವುದಿಲ್ಲ.

ಮೆಮೊರಿ ಕಡೆ ಚಿತ್ರ ತಿರುಗುತ್ತದೆ. 3060ರಲ್ಲಿ 12 ಜಿಬಿ, 192 ಬಿಟ್ ಬಸ್ (ಚಿಪ್ಪು, ಮೆಮೊರಿ ನಡುವಿನ ದಾರಿಯ ಅಗಲ), ಸೆಕೆಂಡಿಗೆ 360 ಜಿಬಿ ಬ್ಯಾಂಡ್‌ವಿಡ್ತ್ (ಆ ದಾರಿಯಲ್ಲಿ ಸಾಗುವ ಮಾಹಿತಿ). 4060ರಲ್ಲಿ 8 ಜಿಬಿ, 128 ಬಿಟ್ ಬಸ್, ಸೆಕೆಂಡಿಗೆ 272 ಜಿಬಿ. ಈ ಕೊರತೆ ತುಂಬಲೆಂದು 4060 ಚಿಪ್ಪಿನೊಳಗೇ 24 ಎಂಬಿ ಎಲ್2 ಕ್ಯಾಶ್ (ಕೈಗೆ ಹತ್ತಿರದ ಸಣ್ಣ, ವೇಗದ ಮೆಮೊರಿ) ಇಟ್ಟಿದ್ದಾರೆ. 3060ರಲ್ಲಿ ಅದು 3 ಎಂಬಿ ಮಾತ್ರ. 1080ಪಿಯಲ್ಲಿ ಬೇಕಾದ ಮಾಹಿತಿಯ ದೊಡ್ಡ ಪಾಲು ಆ ಕ್ಯಾಶಿನಲ್ಲೇ ಸಿಗುತ್ತದೆ, ಹೊರಗಿನ ಮೆಮೊರಿಗೆ ಓಡಾಟ ಕಡಿಮೆ. ಅದಕ್ಕಿಂತ ದೊಡ್ಡ ರೆಸಲ್ಯೂಶನ್ ಆದ 1440ಪಿಗೆ ಹೋದರೆ ಕ್ಯಾಶ್ ಸಾಲುವುದಿಲ್ಲ, ಇಕ್ಕಟ್ಟಾದ ಬಸ್ಸಿನ ಮೇಲೆ ಹೊರೆ ಬೀಳುತ್ತದೆ, 4060ರ ಮುನ್ನಡೆ ಕರಗತೊಡಗುತ್ತದೆ. 4060 ಕೊಂಡವರು 1440ಪಿ ಮಾನಿಟರ್ ಜೋಡಿಸದೇ ಇರುವುದೇ ಒಳ್ಳೆಯದು.

ಕ್ಯಾಶ್ ವೇಗ ಕೊಡುತ್ತದೆ, ಜಾಗ ಕೊಡುವುದಿಲ್ಲ. 8 ಜಿಬಿ ಎಂದರೂ ವಿಂಡೋಸ್, ಬ್ರೌಸರ್, ಡಿಸ್ಕಾರ್ಡ್ ಸೇರಿ ಅರ್ಧದಿಂದ 1 ಜಿಬಿ ಮೊದಲೇ ಹಿಡಿದಿರುತ್ತವೆ. ಉಳಿದದ್ದು 7ರ ಚಿಲ್ಲರೆ. 2023ರಿಂದ ಈಚಿನ ದೊಡ್ಡ ಗೇಮ್‌ಗಳಲ್ಲಿ ಟೆಕ್ಸ್ಚರ್ (ಮೇಲ್ಮೈಯ ಚಿತ್ತಾರ) ಅಲ್ಟ್ರಾ ಇಟ್ಟು ರೇ ಟ್ರೇಸಿಂಗ್ (ನಿಜದಂಥ ಬೆಳಕು ನೆರಳು) ಹಚ್ಚಿದರೆ 1080ಪಿಯಲ್ಲೇ ಈ ಗಡಿ ದಾಟುತ್ತದೆ. ದಾಟಿದಾಗ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್) ಅಷ್ಟೇನೂ ಬೀಳುವುದಿಲ್ಲ, ಅದಕ್ಕೇ ಗ್ರಾಫು ನೋಡಿದವರಿಗೆ ಸಮಸ್ಯೆ ಗೊತ್ತಾಗುವುದಿಲ್ಲ. ಆದರೆ ಹೊಸ ಜಾಗಕ್ಕೆ ತಿರುಗಿದ ಕೂಡಲೇ ಆಟ ಗಕ್ಕನೆ ನಿಂತು ಹೋಗುತ್ತದೆ, ಗೋಡೆಯ ಚಿತ್ತಾರ ಮಸುಕಾಗಿ ಆಮೇಲೆ ತಿಳಿಯಾಗುತ್ತದೆ. ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಸರಾಸರಿಯ ಜತೆ ಶೇ. 1 ಲೋ ಅಂಕಿಯನ್ನೂ (ಅತಿ ನಿಧಾನದ ಶೇ. 1ರಷ್ಟು ಫ್ರೇಮ್‌ಗಳ ವೇಗ) ತೆರೆಯ ಮೇಲೆ ಹಾಕಿಕೊಳ್ಳಿ. ಸರಾಸರಿ 65, ಶೇ. 1 ಲೋ 20 ಅಂತ ಬಂದರೆ ಮೊದಲು ಅನುಮಾನಿಸಬೇಕಾದದ್ದು ಮೆಮೊರಿಯನ್ನು. ಟೆಕ್ಸ್ಚರ್ ಒಂದು ಹಂತ ಇಳಿಸಿದರೆ 4060 ಸರಿದಾರಿಗೆ ಬರುತ್ತದೆ, ಉಳಿದ ಸೆಟ್ಟಿಂಗ್ ಮುಟ್ಟುವ ಅಗತ್ಯ ಇಲ್ಲ.

ಇಲ್ಲೇ ಬೋರ್ಡಿನ ಪ್ರಶ್ನೆ ಬರುವುದು. ನಮ್ಮ ಕಡೆ ಬಹಳ ಜನ ಹೊಸ ಕಾರ್ಡು ಹಚ್ಚುವುದು ನಾಲ್ಕೈದು ವರ್ಷ ಹಳೆಯ ಮಷೀನಿಗೆ. ಸ್ಲಾಟು ನೋಡಲು ಒಂದೇ ಥರ ಉದ್ದ ಇದ್ದರೂ 4060 ಬಳಸುವುದು 8 ಲೇನ್ (ಕಾರ್ಡು, ಬೋರ್ಡಿನ ನಡುವೆ ಮಾಹಿತಿ ಸಾಗುವ ಸಾಲು) ಮಾತ್ರ, 3060 ಬಳಸುವುದು 16. ಸ್ಲಾಟಿನ ವೇಗದ ಮಟ್ಟ ಪಿಸಿಐಇ 4.0 ಇದ್ದರೆ 8 ಲೇನ್ ಎಂದರೆ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 15.75 ಜಿಬಿ. ಪಿಸಿಐಇ 3.0ದಲ್ಲಿ ಅದೇ 8 ಲೇನ್ 7.9 ಜಿಬಿಗೆ ಇಳಿಯುತ್ತದೆ. 3060 ಹಳೆಯ 3.0 ಬೋರ್ಡಿನಲ್ಲೂ 16 ಲೇನ್ ಹಿಡಿದು 15.75 ಜಿಬಿಯಲ್ಲೇ ಓಡುತ್ತದೆ. ಮೆಮೊರಿ ತುಂಬದಿದ್ದರೆ ಈ ಫರಕು ಬರೀ ಕೆಲವು ಶೇಕಡಾ. ಮೆಮೊರಿ ತುಂಬಿ ರ‍್ಯಾಮಿನಿಂದ ಎಳೆದುಕೊಳ್ಳುವ ಹೊತ್ತಿಗೆ ಮಾತ್ರ ಅರ್ಧ ಅಗಲದ ದಾರಿ ಜೀವ ಹಿಂಡುತ್ತದೆ. 8 ಜಿಬಿ ಇರುವ ಕಾರ್ಡಿಗೇ ಆ ದಾರಿ ಹೆಚ್ಚು ಬೇಕು, ಆ ಕಾರ್ಡಿಗೇ ಅದು ಕಿರಿದು ಕೂಡ. ಹಳೆಯ ಬೋರ್ಡಿನವರಿಗೆ 4060 ಬೇಡ ಎನ್ನುವುದಕ್ಕೆ ನನ್ನ ಕಾರಣ ಇದೊಂದೇ, ಆದರೆ ಇದು ಸಾಕಷ್ಟು ದೊಡ್ಡದು.

ನಿಮ್ಮದು ಯಾವ ಬೋರ್ಡು ಅಂತ ಹೀಗೆ ಗೊತ್ತು ಮಾಡಿಕೊಳ್ಳಿ. ಇಂಟೆಲ್ 10ನೇ ತಲೆಮಾರು ಮತ್ತು ಅದಕ್ಕೂ ಹಿಂದಿನದಾದರೆ 3.0. 11ನೇ ತಲೆಮಾರಿನ ಪ್ರೊಸೆಸರನ್ನು ಎಚ್510, ಬಿ560 ಬೋರ್ಡಿಗೆ ಹಚ್ಚಿದ್ದರೆ 4.0. 12ನೇ ತಲೆಮಾರಿನಿಂದ ಎಚ್610ನಲ್ಲೂ ಕಾರ್ಡಿನ ಸ್ಲಾಟು 4.0. ಎಎಂಡಿಯಲ್ಲಿ ಎ320, ಬಿ450, ಎ520 ಎಲ್ಲ 3.0. ಬಿ550 ಬೋರ್ಡು 4.0, ಆದರೆ ಅದರಲ್ಲೂ ಬೀಳುವ ಗುಂಡಿಯೊಂದಿದೆ: ಪ್ರೊಸೆಸರು ರೈಜನ್ 5600ಜಿ ಅಥವಾ 5500 ಆಗಿದ್ದರೆ ಬೋರ್ಡು ಯಾವುದಿದ್ದರೂ 3.0 ಮಾತ್ರ ಸಿಗುತ್ತದೆ. ಮೊದಲು ಕಾರ್ಡಿಲ್ಲದೆ, ಒಳಗೇ ಗ್ರಾಫಿಕ್ಸ್ ಇರುವ 5600ಜಿ ಹಾಕಿಸಿ, ಆಮೇಲೆ ಕಾರ್ಡು ಕೊಳ್ಳೋಣ ಅಂತ ಲೆಕ್ಕ ಹಾಕಿದವರು ಬೀಳುವುದು ಇದೇ ಗುಂಡಿಗೆ. ಕಾರ್ಡು ಹಚ್ಚಿದ ಮೇಲೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಜೆಡ್ ತಂತ್ರಾಂಶ ತೆರೆದು ಬಸ್ ಇಂಟರ್‌ಫೇಸ್ ಸಾಲು ನೋಡಿ. ಸುಮ್ಮನಿದ್ದಾಗ 1.1 ತೋರಿಸಿದರೆ ಗಾಬರಿ ಬೇಡ, ಕಾರ್ಡು ಕರೆಂಟ್ ಉಳಿಸಲು ಇಳಿದಿರುತ್ತದೆ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿದಾಗ ಬರುವ ಅಂಕಿಯೇ ನಿಜವಾದದ್ದು.

ಕರೆಂಟಿನ ವಿಷಯದಲ್ಲಿ 4060 ನಿಸ್ಸಂಶಯವಾಗಿ ಗೆಲ್ಲುತ್ತದೆ. 3060ಗೆ 170 ವ್ಯಾಟ್, 4060ಗೆ 115. ದಿನಕ್ಕೆ 4 ತಾಸು ಪೂರ್ತಿ ಲೋಡಿನಲ್ಲಿ ಓಡಿಸಿದರೆ ತಿಂಗಳಿಗೆ 6 ಯೂನಿಟ್ ಚಿಲ್ಲರೆ ಉಳಿತಾಯ. ಬಿಲ್ಲಿನಲ್ಲಿ ಅದು ದೊಡ್ಡ ಮೊತ್ತ ಅಲ್ಲ, ಆದರೆ ಯುಪಿಎಸ್ ಲೆಕ್ಕಕ್ಕೆ ಬಹಳ ದೊಡ್ಡದು. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 600 ವಿಎ ಯುಪಿಎಸ್, ಅದರ ನಿಜವಾದ ತಾಕತ್ತು ಸುಮಾರು 360 ವ್ಯಾಟ್. ಐ5-12400ಎಫ್ ಜತೆ 3060 ಇಟ್ಟರೆ ಕಾರ್ಡಿಗೆ 170, ಪ್ರೊಸೆಸರಿಗೆ 65, ಬೋರ್ಡು, ರ‍್ಯಾಮು, ಎಸ್‌ಎಸ್‌ಡಿ, ಫ್ಯಾನು ಸೇರಿ 40, ಒಟ್ಟು 275. ಎಸ್‌ಎಂಪಿಎಸ್ ದಕ್ಷತೆ ಶೇ. 85 ಅಂತ ಹಿಡಿದರೆ ಗೋಡೆಯಿಂದ ಎಳೆಯುವುದು ಸುಮಾರು 323, ಮಾನಿಟರ್ 25 ಸೇರಿದರೆ 348. ಗಡಿಗೆ ಬಂದು ನಿಂತಾಯಿತು. ಬ್ಯಾಟರಿ ಎರಡು ಬೇಸಿಗೆ ಕಂಡಿದ್ದರೆ ಲೈಟ್ ಹೋದ ಕ್ಷಣಕ್ಕೇ ಯುಪಿಎಸ್ ಕುಂಯ್ ಅಂದು ಕೈಕೊಡುತ್ತದೆ. ಇದೇ ಮಷೀನಿಗೆ 4060 ಹಾಕಿದರೆ ಒಟ್ಟು 285ರ ಆಸುಪಾಸು, ಕೆಲಸ ಸೇವ್ ಮಾಡಿ ಬಂದ್ ಮಾಡಲು ಕೆಲವು ನಿಮಿಷ ಸಿಗುತ್ತದೆ. 3060 ಕೊಳ್ಳುವವರು 1000 ವಿಎ ಯುಪಿಎಸ್ ಖರ್ಚನ್ನೂ ಕಾರ್ಡಿನ ಬೆಲೆಗೇ ಸೇರಿಸಿ ನೋಡಬೇಕು.

ಮನೆಯ ಇನ್ವರ್ಟರ್ ಮೇಲೇ ಪಿಸಿ ನಡೆಸುವವರು ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಇಡಬೇಕು. ಕರೆಂಟು ಹೋದಾಗ ಇನ್ವರ್ಟರ್ ಬದಲಾಗುವ ತನಕ ಎಸ್‌ಎಂಪಿಎಸ್ ತನ್ನ ಕೆಪ್ಯಾಸಿಟರ್‌ನಲ್ಲಿ ಉಳಿದದ್ದರ ಮೇಲೆ ನಡೆಯಬೇಕು. ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಲೋಡಿನಲ್ಲಿ ಸುಮಾರು 16, 17 ಮಿಲಿಸೆಕೆಂಡ್ ತಡೆಯುತ್ತದೆ. ಲೋಡು ಕಡಿಮೆಯಾದಷ್ಟೂ ಈ ಹೊತ್ತು ಹಿಗ್ಗುತ್ತದೆ. 4060 ಇರುವ ಮಷೀನು ಕರೆಂಟಿನ ಆಟಕ್ಕೆ ಕಡಿಮೆ ರೀಸ್ಟಾರ್ಟ್ ಆಗುವುದು ಇದಕ್ಕೇ.

ಎರಡೂ ಕಾರ್ಡಿಗೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್ ಎಸ್‌ಎಂಪಿಎಸ್. ಆದರೆ ಕ್ಯಾಬಿನೆಟ್ ಜತೆ ಬರುವ ಅಗ್ಗದ ಡಬ್ಬಿಯ ಮೇಲೆ 450 ಅಂತ ದೊಡ್ಡದಾಗಿ ಬರೆದಿದ್ದರೂ ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲಿಗೆ 18 ಆಂಪಿಯರ್ ಅಂತ ಇರಬಹುದು. 12ರಿಂದ ಗುಣಿಸಿ: 216 ವ್ಯಾಟ್. 3060 ಮತ್ತು ಪ್ರೊಸೆಸರು ಸೇರಿದರೆ ಅದಕ್ಕಿಂತ ಜಾಸ್ತಿ. ಡೆಸ್ಕ್‌ಟಾಪಿನಲ್ಲಿ ಎಲ್ಲ ಸರಿ ಇದ್ದು, ಗೇಮ್ ಲೋಡ್ ಆಗುವ ಹೊತ್ತಿಗೆ ಪಿಸಿ ಸದ್ದಿಲ್ಲದೆ ರೀಸ್ಟಾರ್ಟ್ ಆಗುತ್ತಿದ್ದರೆ, ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ಎರರ್ ಕಾಣುತ್ತಿದ್ದರೆ, ಕಾರ್ಡನ್ನು ಬಯ್ಯುವ ಮೊದಲು ಈ ಚೀಟಿ ಓದಿ. ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು: ಕಾರ್ಡಿಗೆ ಕರೆಂಟ್ ಕೊಡುವ 8 ಪಿನ್ ವೈರ್ ಇಲ್ಲ ಅಂತ ಸಾಟಾ ಪವರಿನಿಂದ (ಡಿಸ್ಕಿಗೆ ಕರೆಂಟ್ ಕೊಡುವ ವೈರು) 8 ಪಿನ್‌ಗೆ ತಿರುಗಿಸುವ ಅಡಾಪ್ಟರ್ ಹಚ್ಚಲೇಬೇಡಿ. ಒಂದು ಸಾಟಾ ಪವರ್ ಕನೆಕ್ಟರ್ 12 ವೋಲ್ಟಿನಲ್ಲಿ ತಾಳುವುದು 54 ವ್ಯಾಟ್. 8 ಪಿನ್ ಕೇಳುವುದು 150ರ ತನಕ. ಪ್ಲಾಸ್ಟಿಕ್ ಕರಗಿ ಸುಟ್ಟ ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಈಗ ಬಿಸಿಲಿಗೆ ಬರೋಣ. ಕಾರ್ಡಿನ ವಿಮರ್ಶೆಗಳಲ್ಲಿ ಕಾಣುವ ಪರೀಕ್ಷೆಯ ಅಂಕಿಗಳು ಸಾಮಾನ್ಯವಾಗಿ 22, 25 ಡಿಗ್ರಿ ಕೋಣೆಯಲ್ಲಿ ತೆಗೆದವು. ಕಲಬುರಗಿಯಲ್ಲಿ ಏಪ್ರಿಲ್, ಮೇ ಅಂದರೆ ಹೊರಗೆ 42 ದಾಟುವುದು ಮಾಮೂಲು, ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆ ಸಂಜೆ 38, 40ರಲ್ಲಿ ಇರುತ್ತದೆ. ಕಾರ್ಡಿನ ಬಿಸಿ ಕೋಣೆಯ ಬಿಸಿಯ ಮೇಲೇ ಏರುವುದು. ತಣ್ಣನೆ ಕೋಣೆಯಲ್ಲಿ 68 ತೋರಿಸುವ ಎರಡು ಫ್ಯಾನಿನ 3060 ಇಲ್ಲಿ 83, 85ಕ್ಕೆ ಹೋಗುತ್ತದೆ. ಕಾರ್ಡಿನ ಗುರಿ ಸಾಮಾನ್ಯವಾಗಿ 83 ಇರುವುದರಿಂದ ಅಲ್ಲಿಂದ ವೇಗ ತಾನೇ ಇಳಿಸಿಕೊಳ್ಳುತ್ತದೆ, ಫ್ಯಾನು ಕಿರುಚತೊಡಗುತ್ತದೆ. ಎನ್‌ವಿಡಿಯಾ ಹಾಕಿರುವ ಕೊನೆಯ ಮಿತಿ 3060ಗೆ 93 ಡಿಗ್ರಿ, 4060ಗೆ 90. 4060 ಕಡಿಮೆ ವ್ಯಾಟ್ ಸುಡುವುದರಿಂದ ಅದೇ ಕೋಣೆಯಲ್ಲಿ ಅಷ್ಟು ಒದ್ದಾಡುವುದಿಲ್ಲ, ಕೋಣೆಯನ್ನೂ ಅಷ್ಟು ಕಾಯಿಸುವುದಿಲ್ಲ.

3060 ಇದ್ದವರಿಗೆ ಅಂಡರ್‌ವೋಲ್ಟ್ (ಚಿಪ್ಪಿಗೆ ಹೋಗುವ ವೋಲ್ಟೇಜ್ ಇಳಿಸುವುದು) ಬೇಸಿಗೆಯ ಅತ್ಯಗತ್ಯ ಕೆಲಸ. ಆಫ್ಟರ್‌ಬರ್ನರ್ ತೆರೆದು ಕಂಟ್ರೋಲ್ ಎಫ್ ಒತ್ತಿದರೆ ವೋಲ್ಟೇಜ್ ಗೆರೆ ಬರುತ್ತದೆ. 900 ಮಿಲಿವೋಲ್ಟ್ ಚುಕ್ಕೆಯನ್ನು 1800 ಮೆಗಾಹರ್ಟ್ಸ್‌ಗೆ ಎತ್ತಿ, ಅದರ ಬಲಕ್ಕಿರುವ ಎಲ್ಲ ಚುಕ್ಕೆಗಳನ್ನೂ ಆ ಮಟ್ಟಕ್ಕಿಂತ ಕೆಳಗೆ ಇಳಿಸಿ ಅಪ್ಲೈ ಕೊಡಿ, ಗೆರೆ ತಾನೇ ಚಪ್ಪಟೆಯಾಗುತ್ತದೆ. ಭಾರದ ಗೇಮನ್ನು ಅರ್ಧ ತಾಸು ಓಡಿಸಿ. ತೆರೆ ಕಪ್ಪಾದರೆ, ಗೇಮ್ ಹೊರಗೆ ಬಿದ್ದರೆ 15, 15 ಮೆಗಾಹರ್ಟ್ಸ್ ಇಳಿಸುತ್ತಾ ಹೋಗಿ. ಕಾರ್ಡು 170ರ ಬದಲು 130ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಫ್ರೇಮ್ ಹೋಗುವುದು ಬಹಳ ಕಡಿಮೆ. ಇಷ್ಟು ರಗಳೆ ಬೇಡ ಅಂದರೆ ಪವರ್ ಲಿಮಿಟ್ 80ಕ್ಕೆ ಎಳೆದು ಬಿಡಿ, 136 ವ್ಯಾಟಿಗೆ ಕಟ್ಟು ಬೀಳುತ್ತದೆ. ಹೀಗೆ ಮಾಡಿದ 3060 ಮೇಲಿನ 600 ವಿಎ ಯುಪಿಎಸ್ ಲೆಕ್ಕಕ್ಕೂ ಹೊಂದಿಕೊಳ್ಳುತ್ತದೆ. 4060ಗೆ ಇದರ ಅಗತ್ಯ ಅಷ್ಟಿಲ್ಲ.

ಧೂಳಿನದು ಬೇರೆಯೇ ಕತೆ. ಎರೆಮಣ್ಣಿನ ಧೂಳು ಸಣ್ಣದು, ಕಾರ್ಡಿನ ಅಲ್ಯೂಮಿನಿಯಂ ಎಲೆಗಳ ನಡುವೆ ಹೋಗಿ ಕೂತರೆ ಫ್ಯಾನಿನ ಗಾಳಿ ದಾಟುವುದೇ ಇಲ್ಲ. ದಾಲ್ ಮಿಲ್ಲು, ಕಲ್ಲು ಪಾಲಿಶ್ ಮಾಡುವ ಕಡೆ ಮನೆ ಇದ್ದರೆ ಕೇಳಲೇಬೇಡಿ. ಇದರ ಜತೆ ಏರ್ ಕೂಲರ್ ಸೇರಿದರೆ ಒದ್ದೆ ಗಾಳಿಗೆ ಧೂಳು ಅಂಟಿ ಗಟ್ಟಿ ಪದರವಾಗುತ್ತದೆ, ಬರೀ ಊದಿದರೆ ಹೋಗುವುದಿಲ್ಲ. ಕೂಲರ್ ಕೋಣೆಯನ್ನು ತಣ್ಣಗೆ ಮಾಡಲಿ, ಆದರೆ ಅದರ ಗಾಳಿ ಕ್ಯಾಬಿನೆಟ್‌ಗೆ ನೇರ ಬಡಿಯುವಂತೆ ಇಡಬೇಡಿ. ಶಹಾಬಾದ್ ಪರಸಿಯ ಮೇಲೆ ಕ್ಯಾಬಿನೆಟ್ ಇಡುವವರು ಅರ್ಧ ಅಡಿಯಾದರೂ ಎತ್ತರಿಸಿ, ನೆಲದ ಧೂಳೆಲ್ಲ ಕೆಳಗಿನ ಜಾಲರಿಯಿಂದಲೇ ಒಳಗೆ ಹೋಗುವುದು. ಬ್ಲೋವರ್ ಹಿಡಿಯುವಾಗ ಕಾರ್ಡಿನ ಫ್ಯಾನನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಬಿಟ್ಟರೆ ಅದು ಅಳತೆ ಮೀರಿ ತಿರುಗಿ ಬೇರಿಂಗ್ ಸವೆಯುತ್ತದೆ.

ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿದೆಯೋ ಇಲ್ಲವೋ ತಿಳಿಯಲು ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶದಲ್ಲಿ ಎರಡು ಸಾಲು ಹೋಲಿಸಿ: ಜಿಪಿಯು ಟೆಂಪರೇಚರ್ ಮತ್ತು ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ). ಅಂತರ 10ರಿಂದ 15 ಇದ್ದರೆ ಸರಿ. 25 ಮೀರಿದರೆ ಪೇಸ್ಟ್ ಬದಲಿಸುವ ಹೊತ್ತು. ವಾರಂಟಿ ಇದ್ದರೆ ಸ್ಕ್ರೂ ಮೇಲಿನ ಸ್ಟಿಕ್ಕರ್ ಮುಟ್ಟಬೇಡಿ. ವಾರಂಟಿ ಮುಗಿದಿದ್ದರೆ ಚಿಪ್ಪಿನ ಸುತ್ತಲಿನ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ, ಫ್ಯಾನಿನ ವೈರು ಬಿಡಿಸಿಕೊಂಡೇ ಹೀಟ್‌ಸಿಂಕ್ ಎತ್ತಿ. ಹಳೆಯ ಪೇಸ್ಟನ್ನು ಐಸೊಪ್ರೊಪಿಲ್ ಆಲ್ಕೊಹಾಲಿನಿಂದ ಒರೆಸಿ, ತೊಗರಿ ಕಾಳಿನಷ್ಟು ಹೊಸದನ್ನು ಹಾಕಿ ಇಡೀ ಚಿಪ್ಪು ಮುಚ್ಚುವಂತೆ ತೆಳ್ಳಗೆ ಹರಡಿ. ಒಂದು ಮೂಲೆ ಖಾಲಿ ಉಳಿದರೂ ಹಾಟ್‌ಸ್ಪಾಟ್ ಅಲ್ಲೇ ಏರುತ್ತದೆ. ಮೆಮೊರಿಯ ಮೇಲಿನ ಪ್ಯಾಡುಗಳನ್ನು ಹರಿಯದಂತೆ ಬಿಡಿ. ಬೇರೆ ದಪ್ಪದ ಪ್ಯಾಡು ಹಾಕಿದರೆ ಹೀಟ್‌ಸಿಂಕ್ ಚಿಪ್ಪಿಗೆ ಸರಿಯಾಗಿ ಕೂರುವುದಿಲ್ಲ, ಮೊದಲಿಗಿಂತ ಹೆಚ್ಚು ಕಾಯುತ್ತದೆ.

ಮದುವೆ ವಿಡಿಯೊ ಮಾಡುವವರಿಗೆ 12 ಜಿಬಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ 4ಕೆ ಟೈಮ್‌ಲೈನ್ ಮೇಲೆ ನಾಯ್ಸ್ ರಿಡಕ್ಷನ್, ಎರಡು ಮೂರು ಎಫೆಕ್ಟ್ ಸೇರಿದರೆ 8 ಜಿಬಿ ತುಂಬಿ, ಜಿಪಿಯು ಮೆಮೊರಿ ಫುಲ್ ಎಂಬ ಸಂದೇಶ ಬಂದು ರೆಂಡರ್ ನಿಲ್ಲುತ್ತದೆ. 4060ರ ಹೆಚ್ಚುಗಾರಿಕೆ ಎವಿ1 ಎನ್‌ಕೋಡರ್ (ವಿಡಿಯೊ ಕುಗ್ಗಿಸುವ ಹೊಸ ವಿಧಾನ), ಅದು 3060ರಲ್ಲಿ ಇಲ್ಲ. ಯೂಟ್ಯೂಬಿಗೆ ಒಳ್ಳೆಯದು, ಆದರೆ ಗಿರಾಕಿಯ ಮನೆಯ ಟಿವಿಯಲ್ಲಿ ಪೆನ್‌ಡ್ರೈವ್ ಹಚ್ಚಿದರೆ ನಡೆಯಬೇಕಾದದ್ದು ಎಚ್.264, ಅದನ್ನು ಎರಡೂ ಚೆನ್ನಾಗಿ ಮಾಡುತ್ತವೆ. ಇಲ್ಲಿ ಕಾರ್ಡಿಗಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಕ್ಯಾಮೆರಾದಲ್ಲಿ 10 ಬಿಟ್ 4:2:2 ಎಚ್.265 (ಬಣ್ಣದ ವಿವರ ಹೆಚ್ಚಿರುವ ವಿಡಿಯೊ) ಶೂಟ್ ಮಾಡುತ್ತಿದ್ದರೆ ಈ ಎರಡು ಕಾರ್ಡೂ ಅದನ್ನು ಹಾರ್ಡ್‌ವೇರಿನಲ್ಲಿ ಡಿಕೋಡ್ ಮಾಡುವುದಿಲ್ಲ. ಮಾಡುವುದು ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್. ಸಾವಿರ ರೂಪಾಯಿ ಉಳಿಸಲು ಒಳಗಿನ ಗ್ರಾಫಿಕ್ಸ್ ಇಲ್ಲದ, ಎಫ್ ಅಕ್ಷರದ ಪ್ರೊಸೆಸರ್ ಕೊಂಡರೆ ಆ ಸೌಲಭ್ಯ ಹೋಯಿತು. ಎಡಿಟಿಂಗ್ ಮಷೀನಿಗೆ 12400 ಕೊಳ್ಳಿ, 12400ಎಫ್ ಬೇಡ, ಬಯಾಸ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಚಾಲೂ ಇಡಿ.

ಎಂಜಿನಿಯರಿಂಗ್ ಓದುತ್ತಾ ಮನೆಯಲ್ಲೇ ಭಾಷಾ ಮಾದರಿ (ಚಾಟ್‌ಬಾಟ್ ಥರದ ಎಐ) ಓಡಿಸಿ ನೋಡುವ ವಿದ್ಯಾರ್ಥಿಗಳಿಗೆ ನಾನು ಎರಡನೇ ಮಾತಿಲ್ಲದೆ 3060 ಹೇಳುತ್ತೇನೆ. 8 ಬಿಲಿಯನ್ ಪ್ಯಾರಾಮೀಟರಿನ ಮಾದರಿ 4 ಬಿಟ್‌ಗೆ ಇಳಿಸಿದರೆ ಸುಮಾರು 5 ಜಿಬಿ, ಎರಡೂ ಕಾರ್ಡಿನಲ್ಲಿ ಕೂರುತ್ತದೆ. 14 ಬಿಲಿಯನ್ ಆದರೆ 9 ಜಿಬಿ, 3060ರಲ್ಲಿ ಮಾತ್ರ. ಕೂತ ಮೇಲೂ ಒಂದೊಂದು ಟೋಕನ್‌ಗೆ (ಪದದ ತುಣುಕು) ಇಡೀ ಮಾದರಿಯನ್ನು ಮೆಮೊರಿಯಿಂದ ಓದಬೇಕಾದ್ದರಿಂದ ವೇಗದ ಮೇಲ್ಮಿತಿ ಬ್ಯಾಂಡ್‌ವಿಡ್ತ್‌ನಿಂದಲೇ ಬರುತ್ತದೆ: 360ನ್ನು 5ರಿಂದ ಭಾಗಿಸಿದರೆ ಸೆಕೆಂಡಿಗೆ 72 ಟೋಕನ್, 272ನ್ನು ಭಾಗಿಸಿದರೆ 54. ಹಳೆಯ ಕಾರ್ಡು ಹೊಸದನ್ನು ಹಿಂದೆ ಹಾಕುವ ಜಾಗ ಇದು. ಬ್ಲೆಂಡರ್‌ನಲ್ಲಿ ಮಾತ್ರ ದೃಶ್ಯ 8 ಜಿಬಿಯೊಳಗೆ ಹಿಡಿಸಿದರೆ 4060 ಬೇಗ ಮುಗಿಸುತ್ತದೆ.

ಡಿಎಲ್‌ಎಸ್‌ಎಸ್ 3ರ ಫ್ರೇಮ್ ಜನರೇಷನ್ (ನಡುನಡುವೆ ಎಐನಿಂದ ಫ್ರೇಮ್ ತುಂಬುವುದು) ಈ ಎರಡರಲ್ಲಿ 4060ಗಷ್ಟೇ ಇದೆ. ಮೂಲ ವೇಗ 50, 60 ಇದ್ದಾಗ ಅದು ಚೆನ್ನ. 25 ಇದ್ದಾಗ ಹಚ್ಚಿದರೆ ತೆರೆಯ ಮೇಲೆ 45 ಕಂಡರೂ ಮೌಸು ಜಡವಾಗಿಯೇ ಇರುತ್ತದೆ, ಮೇಲಾಗಿ ಅದೂ ಒಂದಿಷ್ಟು ಮೆಮೊರಿ ತಿನ್ನುತ್ತದೆ. 2025ರಲ್ಲಿ 5060 ಬಂದಿದೆ, ಬ್ಯಾಂಡ್‌ವಿಡ್ತ್ 448 ಜಿಬಿಗೆ ಏರಿದೆ, ಆದರೆ 8 ಜಿಬಿ ಮತ್ತು 8 ಲೇನ್ ಹಾಗೇ ಉಳಿದಿವೆ. ಹಳೆಯ ಬೋರ್ಡಿನ ಮಾತು ಅದಕ್ಕೂ ಸಲ್ಲುತ್ತದೆ.

ಕೊಳ್ಳುವಾಗ ಹೆಸರು ನೋಡಿ ಮೋಸ ಹೋಗಬೇಡಿ. 3060 ಎಂಬ ಹೆಸರಲ್ಲೇ 8 ಜಿಬಿ ಮಾದರಿಯೂ ಇದೆ, ಅದು 128 ಬಿಟ್, 240 ಜಿಬಿ ಬ್ಯಾಂಡ್‌ವಿಡ್ತ್, ನಿಧಾನದ್ದು. ಅದನ್ನು ಯಾವ ಬೆಲೆಗೂ ತಗೋಬೇಡಿ, ಎರಡೂ ಕಡೆಯ ನಷ್ಟ ಅದರಲ್ಲೇ ಇದೆ. ಲ್ಯಾಪ್‌ಟಾಪ್ ಚಿಪ್ಪನ್ನು ಡೆಸ್ಕ್‌ಟಾಪ್ ಕಾರ್ಡಿಗೆ ಕೂರಿಸಿದ ಚೀನಾ ಮಾಲೂ ತಿರುಗಾಡುತ್ತದೆ, ಅದರಲ್ಲಿ 3840 ಕೋರ್, 6 ಜಿಬಿ ತೋರಿಸುತ್ತದೆ. ಅಸಲಿ 3060 12 ಜಿಬಿಗೆ ಜಿಪಿಯು-ಜೆಡ್‌ನಲ್ಲಿ ಶೇಡರ್ (ಅಂದರೆ ಕುಡಾ ಕೋರ್) 3584, ಬಸ್ 192 ಬಿಟ್, ಬ್ಯಾಂಡ್‌ವಿಡ್ತ್ 360 ಬರಬೇಕು. 4060ಗೆ 3072, 128, 272.

ಸೆಕೆಂಡ್ ಹ್ಯಾಂಡ್ 3060 ಅಂದರೆ 2022ರ ಸೆಪ್ಟೆಂಬರ್ ತನಕ ನಡೆದ ಇಥೀರಿಯಂ ಮೈನಿಂಗಿನಲ್ಲಿ (ಕಾರ್ಡುಗಳಿಂದ ಕ್ರಿಪ್ಟೊ ನಾಣ್ಯ ಗಳಿಸುವುದು) ದುಡಿದದ್ದಿರಬಹುದು. ಹಾಗಂತ ಕೆಟ್ಟಿರಲೇಬೇಕೆಂದಿಲ್ಲ, ಸಾಮಾನ್ಯವಾಗಿ ಸವೆಯುವುದು ಫ್ಯಾನು ಮತ್ತು ಪ್ಯಾಡು. ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿಗೆ ಹೋಗಿ ತರುವವರು, ಬೀದರ್‌ನವರಿಗಂತೂ ಅದು ಇನ್ನೂ ಹತ್ತಿರ, ಅಂಗಡಿಯಲ್ಲೇ ಹಚ್ಚಿಸಿ ನೋಡಬೇಕು. ಕಾರ್ಡಿಗೆ ಪೂರ್ತಿ ಲೋಡು ಕೊಡುವ ಫರ್‌ಮಾರ್ಕ್ 15 ನಿಮಿಷ ಓಡಿಸಿ ಹಾಟ್‌ಸ್ಪಾಟ್ ಅಂತರ ಗಮನಿಸಿ, ಆಮೇಲೆ ಕಾರ್ಡಿನ ಮೆಮೊರಿ ಪರೀಕ್ಷಿಸುವ ಒಸಿಸಿಟಿಯ ವಿರ‍್ಯಾಮ್ ಟೆಸ್ಟ್ ಹಾಕಿ, ಒಂದೇ ಒಂದು ಎರರ್ ಬಂದರೂ ಕಾರ್ಡು ವಾಪಸ್ ಕೊಡಿ. ಡಿಸ್‌ಪ್ಲೇ ಪೋರ್ಟು, ಎಚ್‌ಡಿಎಂಐ ಒಂದೊಂದಕ್ಕೂ ಕೇಬಲ್ ಹಚ್ಚಿ ನೋಡಿ. ಮೂಲ ಬಿಲ್ಲಿನ ಸೀರಿಯಲ್ ನಂಬರ್ ಕಾರ್ಡಿನ ಹಿಂದಿನ ಚೀಟಿಗೆ ತಾಳೆಯಾಗಬೇಕು, ವಾರಂಟಿ ಎಷ್ಟು ಉಳಿದಿದೆ ಎಂಬುದು ಆ ನಂಬರಿನಿಂದಲೇ ಕಂಪನಿಯ ಜಾಲತಾಣದಲ್ಲಿ ತಿಳಿಯುತ್ತದೆ. ಬಿಲ್ಲಿಲ್ಲದ 3060ಗೂ ವಾರಂಟಿ ಇರುವ 4060ಗೂ ಎರಡು ಮೂರು ಸಾವಿರವಷ್ಟೇ ಅಂತರ ಇದ್ದರೆ 3060 ಬೆಲೆಯನ್ನು ಇನ್ನೂ ಇಳಿಸಿ ಕೇಳಿ.